ಎಂಬತ್ತು ಕಿಲೋ ತೂಕದ ಇಲಿಗಳ ಪರವಾಗಿ

ಔಷಧ ನಿಯಂತ್ರಣದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ತೂಕ ಇಳಿಸಲೆಂದು ತನ್ನ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಮದ್ದಿನಲ್ಲಿ ಉಳಿದಿದ್ದ ಒಂದೇ ಒಂದು ಸೀಸೆಯನ್ನು, ಐಸು ತುಂಬಿದ ಕಾಫಿ ಫ್ಲಾಸ್ಕಿನಲ್ಲಿಟ್ಟು ನಿಮ್ಮ ಕಚೇರಿಗೆ ತಂದುಕೊಟ್ಟಿದ್ದೆ. ಇದರೊಳಗೆ ಏನಿದೆ ಎಂದು ಪರೀಕ್ಷಿಸಿ ಹೇಳಿ ಎಂಬುದಷ್ಟೇ ನನ್ನ ಕೋರಿಕೆ. ತಾವು ಪರೀಕ್ಷಿಸಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ, ಸಾದಾ ಅಂಚೆಯಲ್ಲಿ, ಕಂದು ಲಕೋಟೆಯೊಳಗೆ ಹಾಕಿ ನನಗೇ ಹಿಂದಿರುಗಿಸಿದಿರಿ. ಸೀಸೆಯ ಮೇಲೆ ‘ತಣ್ಣಗಿಡಿ’ ಎಂದು ಬರೆದಿತ್ತು. ಅದನ್ನು ಓದಲು ನಿಮಗೆ ಬಿಡುವಿರಲಿಲ್ಲ, ಆದರೆ ಅದರ ಕೆಳಗಿನ ಸಾಲನ್ನು ಬಹಳ ಶ್ರದ್ಧೆಯಿಂದ ಓದಿದ್ದೀರಿ. ನಿಮ್ಮ ಉತ್ತರದ ಸಾರ ಇದು: ಸದರಿ ವಸ್ತುವಿನ ಮೇಲೆ ‘ಸಂಶೋಧನೆಗೆ ಮಾತ್ರ, ಮಾನವ ಬಳಕೆಗೆ ಅಲ್ಲ’ ಎಂದು ನಮೂದಾಗಿರುವುದರಿಂದ ಅದು ಔಷಧವಲ್ಲ, ಔಷಧವಲ್ಲದ್ದರಿಂದ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

ಇದನ್ನು ಕನ್ನಡದಲ್ಲೇಕೆ ಬರೆಯುತ್ತಿದ್ದೀರಿ ಎಂದು ತಾವು ಕೇಳಬಹುದು. ಇಂಗ್ಲಿಷಿನಲ್ಲಿ ಬರೆದೆ, ಹಿಂದಿಯಲ್ಲಿ ಬರೆದೆ, ಪಕ್ಕದ ಮನೆಯವರನ್ನು ಕೂರಿಸಿಕೊಂಡು ಗುಜರಾತಿಯಲ್ಲೂ ಬರೆಸಿದೆ. ಮೂರಕ್ಕೂ ಬಂದದ್ದು ಅದೇ ಉತ್ತರ. ಓದಿಸಿಕೊಳ್ಳದ ಪತ್ರ ಯಾವ ಭಾಷೆಯಲ್ಲಿದ್ದರೇನು? ಹಾಗಾಗಿ ವಡೋದರಾದ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೂ, ಇದೇ ಸೀಸೆಯನ್ನು ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟುಕೊಂಡಿರುವ ನಮ್ಮವರಲ್ಲಿ ಯಾರಾದರೂ ಓದಿಯಾರು.

ನನ್ನ ತಮ್ಮನ ಹೆಸರು ಸುಮಂತ್. ನಾವು ತಿಪಟೂರಿನವರು. ನಾನು ಜೀವವಿಮೆಯ ಕೆಲಸದಲ್ಲಿ ವಡೋದರಾಕ್ಕೆ ವರ್ಗವಾಗಿ ಬಂದು ಮಂಜಲ್‌ಪುರದಲ್ಲೇ ಉಳಿದೆ; ಅವನು ಅಹಮದಾಬಾದಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಉಪಗ್ರಹದ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್. ತೆಳ್ಳಗೆ ಕಾಣಬೇಕೆಂಬ ಶೋಕಿ ಅವನಿಗೆ ಇರಲಿಲ್ಲ. ನಮ್ಮಪ್ಪ ದಪ್ಪಗಿದ್ದರು, ನಡುವಯಸ್ಸಿನಲ್ಲೇ ಹೃದಯ ನಿಂತು ಹೋದರು. ಸುಮಂತನಿಗೆ ಆ ವಯಸ್ಸು ಹತ್ತಿರ ಬರುತ್ತಿತ್ತು, ಎಂಬತ್ತಕ್ಕೆ ಬಂದು ನಿಂತ ತೂಕ ಇಳಿಯುತ್ತಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಒಪ್ಪಿಗೆ ಪಡೆದ ಇಂಜೆಕ್ಷನ್ನಿನಿಂದ ಸ್ವಲ್ಪ ಇಳಿದು ಅಲ್ಲೇ ಅಂಟಿಕೊಂಡಿತ್ತು. ಅವನು ಹೆದರಿದ್ದ. ಹೆದರಿದವನಿಗೆ ಬೇಕಾದದ್ದು ಇಲ್ಲೇ ವಡೋದರಾದ ಗೋರ್ವಾದಲ್ಲಿ ಸಿಕ್ಕಿತು. ಅದಕ್ಕೆ ಎರಡು ಅಕ್ಷರ, ಮೂರು ಅಂಕಿಯ ಒಂದು ಹೆಸರಿದೆ. ಬಿಟ್ಟಿ ಜಾಹೀರಾತು ಆದೀತೆಂದು ನಾನದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟು ಓದಿದವನು ಹೇಗೆ ಮೋಸ ಹೋದ ಎಂದು ಎಲ್ಲರೂ ಕೇಳುತ್ತಾರೆ. ಮಾನ್ಯರೇ, ಓದಿದ್ದರಿಂದಲೇ ಹೋದ. ಅವನ ಕೆಲಸದಲ್ಲಿ ಒಂದು ಪದ್ಧತಿಯಿದೆ. ಆಕಾಶಕ್ಕೆ ಹೋಗುವ ಪ್ರತಿ ಭಾಗವನ್ನೂ ನಡುಗಿಸಿ, ಕಾಯಿಸಿ, ತಣಿಸಿ, ಗಾಳಿಯಿಲ್ಲದ ಕೋಣೆಯಲ್ಲಿ ಕೂಡಿಹಾಕಿ ಪರೀಕ್ಷಿಸುತ್ತಾರೆ. ಆದರೆ ಈಗಾಗಲೇ ಪಾಸಾದ ಭಾಗದಂಥದ್ದೇ ಇನ್ನೊಂದು ಬಂದರೆ, ಇದು ಅದಕ್ಕೆ ಹೋಲುತ್ತದೆ ಎಂದು ಸಾಬೀತುಪಡಿಸಿ ಕೆಲವು ಪರೀಕ್ಷೆಗಳನ್ನು ಬಿಟ್ಟುಬಿಡುವುದುಂಟು. ಅದನ್ನು ಅವರು ಸಿಮಿಲಾರಿಟಿ ಎನ್ನುತ್ತಾರೆ. ಜೀವನವಿಡೀ ಲೋಹಕ್ಕೆ ಹಾಕಿದ ಲೆಕ್ಕವನ್ನು ನನ್ನ ತಮ್ಮ ತನ್ನ ಹೊಟ್ಟೆಗೂ ಹಾಕಿಬಿಟ್ಟ.

"ಲೋ, ಇದನ್ನ ಯಾರು ಟೆಸ್ಟ್ ಮಾಡಿದಾರೋ?" ಎಂದು ನಾನು ಫೋನಿನಲ್ಲಿ ಕೂಗಾಡಿದ್ದೆ.

"ಅಕ್ಕ, ಇದೇನು ಆಕಾಶದಿಂದ ಉದುರಿದ್ದಲ್ಲ ಕಣಕ್ಕ. ಡಾಕ್ಟ್ರು ಬರ್ಕೊಟ್ಟಿದ್ರಲ್ಲ, ಅದೇ ಫ್ಯಾಮಿಲಿ. ಅದು ಸಾವಿರಾರು ಜನರ ಮೇಲೆ ಪಾಸಾಗಿದೆ. ಇದು ಅದರ ಮುಂದಿನ ಮಾಡೆಲ್ಲು ಅಷ್ಟೇ. ಸಿಮಿಲಾರಿಟಿ ಸಾಕು."

"ಅಣ್ಣ ಪಾಸಾದ ಅಂತ ತಮ್ಮಂಗೂ ಡಿಗ್ರಿ ಕೊಡ್ತಾರೇನೋ?"

ಅವನು ನಕ್ಕ. ನಗುತ್ತಲೇ ಮಾರುವವನು ಕಳಿಸಿದ್ದ ‘ಸಾಕ್ಷ್ಯ’ವನ್ನು ನನ್ನ ಮೊಬೈಲಿಗೆ ದಾಟಿಸಿದ. ವಿಮೆಗೆ ಬರುವವರ ಆಯುಸ್ಸು, ಆರೋಗ್ಯಗಳನ್ನು ತೂಗಿ ನೋಡುವುದೇ ನನ್ನ ನೌಕರಿಯಾಗಿತ್ತು, ಆದ್ದರಿಂದ ಕನ್ನಡಕ ಹಾಕಿಕೊಂಡು ಕೂತು ಓದಿದೆ. ಈಗ ತಾವೂ ಕೇಳಿ. ಮೊದಲನೆಯದು, ಬೇಕೆಂದೇ ಕೊಬ್ಬಿಸಿದ ಇಲಿಗಳ ಮೇಲಿನ ಅಧ್ಯಯನ. ಇಲಿಗಳು ಇಳಿದವು, ನಿಜ. ಕೆಲವೇ ವಾರಗಳಲ್ಲಿ ಅಧ್ಯಯನ ಮುಗಿಯಿತು, ಆಮೇಲೆ ಆ ಇಲಿಗಳ ಲಿವರ್ ಏನಾಯಿತು ಎಂದು ಯಾರೂ ನೋಡಿಲ್ಲ. ಎರಡನೆಯದು ಮನುಷ್ಯರ ಮೇಲೆ, ಒಂದು ಮದುವೆ ಊಟದ ಒಂದು ಪಂಕ್ತಿಗೂ ಸಾಲದಷ್ಟು ಜನರ ಮೇಲೆ. ಮದ್ದಿಲ್ಲದೆ ಬರೀ ನೀರು ಚುಚ್ಚಿಸಿಕೊಂಡವರ ಗುಂಪೊಂದು ಹೋಲಿಕೆಗೆ ಬೇಕಲ್ಲ, ಅದೇ ಇಲ್ಲ. ಖರ್ಚು ಕೊಟ್ಟದ್ದು ಅದನ್ನು ತಯಾರಿಸುವ ಕಂಪನಿಯೇ. ವಾಂತಿ ತಡೆಯಲಾರದೆ ನಡುವೆ ಬಿಟ್ಟುಹೋದವರನ್ನು ಲೆಕ್ಕದಿಂದಲೇ ತೆಗೆದು, ಉಳಿದವರ ಸರಾಸರಿ ಹಾಕಿದ್ದಾರೆ. ಹೀಗೆ ನಾವು ವಿಮೆಯಲ್ಲಿ ಲೆಕ್ಕ ಹಾಕಿದ್ದರೆ, ಸತ್ತವರನ್ನು ಬಿಟ್ಟು ನೋಡಿದಾಗ ನಮ್ಮ ಗ್ರಾಹಕರೆಲ್ಲ ಚಿರಂಜೀವಿಗಳು ಎಂದು ಬರೆಯಬಹುದಿತ್ತು.

ಮೂರನೆಯ ಸಾಕ್ಷ್ಯ ಸೂರತ್ತಿನ ವರಾಛಾದಲ್ಲಿ ವಜ್ರ ಹೊಳಪಿಡುವ ಕಾರ್ಖಾನೆಯ ಮಾಲೀಕರೊಬ್ಬರ ಎರಡು ಫೋಟೋ, ಮುಂಚಿನದು ಮತ್ತು ಆಮೇಲಿನದು. ಮೊದಲನೆಯದರಲ್ಲಿ ಅವರು ಉಸಿರು ಬಿಟ್ಟು ನಿಂತಿದ್ದಾರೆ, ಎರಡನೆಯದರಲ್ಲಿ ಉಸಿರು ಬಿಗಿಹಿಡಿದು. ವರಾಛಾದಲ್ಲಿ ಸಾಸಿವೆಯಷ್ಟು ಹರಳನ್ನೂ ಭೂತಗನ್ನಡಿ ಹಿಡಿದು ತಿರುಗಿಸಿ ಮುರುಗಿಸಿ ನೋಡದೆ ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ. ಆ ಮಾಲೀಕರು ತಮ್ಮ ರಕ್ತಕ್ಕೆ ಸೇರಿದ್ದನ್ನು ಯಾವ ಗಾಜಿನಲ್ಲಿ ನೋಡಿದರು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕರುವಿಗೆ ಹೆಸರನ್ನೂ ಇಟ್ಟಾಗಿತ್ತು.

ಇದೆಲ್ಲ ಹಾಳಾಗಲಿ, ಆ ವಸ್ತು ಒಳ್ಳೆಯದೇ ಎಂದು ಒಪ್ಪೋಣ. ಸೀಸೆಯಲ್ಲಿ ಇರುವುದು ಅದೇ ಎಂದು ಹೇಳಿದವರು ಯಾರು? ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಶುದ್ಧತೆಯ ಪ್ರಮಾಣಪತ್ರವೊಂದಿತ್ತು, ಅದರಲ್ಲಿ ಪ್ರಯೋಗಾಲಯದ ವಿಳಾಸವೇ ಇರಲಿಲ್ಲ.

ನಾನು ಗೋರ್ವಾಕ್ಕೂ ಹೋಗಿ ಬಂದೆ. ಕಾರ್ಖಾನೆಗಳ ಸಾಲಿನ ಹಿಂದೆ ಒಂದು ಗೋದಾಮು, ಒಳಗೆ ಏಸಿ, ಗೋಡೆಗೆ ದೇವರ ಪಟ, ಅದಕ್ಕೆ ತಾಜಾ ಹೂವಿನ ಹಾರ. ಮಾರುವವನ ಹೆಸರು ಚೇತನ್‌ಭಾಯ್. ಬಹಳ ವಿನಯವಂತ, ನನಗೆ ಚಹಾ ಕೊಡಿಸಿದ. "ಬೆನ್, ಹಮ್ ತೋ ಚೂಹೋಂ ಕೇ ಲಿಯೇ ಬೇಚ್‌ತೇ ಹೈಂ. ಇನ್ಸಾನ್ ಕ್ಯಾ ಕರ್‌ತಾ ಹೈ, ವೋ ಉಸ್‌ಕೀ ಮರ್ಜಿ" ಎಂದ. ಅಂದರೆ, ತಾನು ಮಾರುವುದು ಇಲಿಗಳಿಗೆ, ಮನುಷ್ಯ ತಗೊಂಡರೆ ಅದು ಅವನಿಷ್ಟ. ಆದರೆ ಮಾನ್ಯರೇ, ಅವನು ಕೊಡುವ ಡಬ್ಬಿಯಲ್ಲಿ ಸೀಸೆಯ ಜೊತೆಗೆ ಹೊಟ್ಟೆಗೆ ಚುಚ್ಚುವ ಸಣ್ಣ ಸೂಜಿಗಳಿರುತ್ತವೆ, ಸ್ಪಿರಿಟ್ಟಿನ ಹತ್ತಿಯಿರುತ್ತದೆ, ಅರವತ್ತು ಕಿಲೋದವರಿಗೆ ಎಷ್ಟು, ಎಂಬತ್ತು ಕಿಲೋದವರಿಗೆ ಎಷ್ಟು ಎಂಬ ಚೀಟಿಯೂ ಇರುತ್ತದೆ. ವಡೋದರಾದಲ್ಲಿ ಎಂಬತ್ತು ಕಿಲೋ ತೂಗುವ ಇಲಿಗಳು ಓಡಾಡುತ್ತಿದ್ದರೆ ಅವನ್ನು ಹಿಡಿಯುವುದು ಯಾವ ಇಲಾಖೆಯ ಕೆಲಸ? ನಗರಪಾಲಿಕೆಯದೋ, ಅರಣ್ಯ ಇಲಾಖೆಯದೋ, ತಮ್ಮದೋ?

ಈ ರಾಜ್ಯದಲ್ಲಿ ಪಾನನಿಷೇಧವಿದೆ. ನಾಳೆ ಒಬ್ಬಾತ ಬಾಟಲಿಯ ಮೇಲೆ ‘ವಾಸನೆ ನೋಡಲು ಮಾತ್ರ, ಕುಡಿಯಲು ಅಲ್ಲ’ ಎಂದು ಚೀಟಿ ಅಂಟಿಸಿಕೊಂಡು ಗಡಿ ದಾಟಿದರೆ ಪೊಲೀಸರು ಸಲಾಮು ಹೊಡೆದು ಬಿಡುತ್ತಾರೆಯೇ? ಅಲ್ಲಿ ಬಾಟಲಿಯೊಳಗೆ ಏನಿದೆ ಎಂಬುದು ಮುಖ್ಯ, ಇಲ್ಲಿ ಮೇಲೆ ಏನು ಬರೆದಿದೆ ಎಂಬುದು ಮುಖ್ಯ. ಮಾರುವವನು ತನ್ನ ಕೈಯಾರೆ ಬರೆದುಕೊಂಡ ಒಂದು ಸಾಲು ಅವನನ್ನೂ ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ. ಕಾಯಬೇಕಾದವನನ್ನು ಒಬ್ಬನನ್ನು ಬಿಟ್ಟು.

ಯುಗಾದಿ ಹೊತ್ತಿಗೆ ಸುಮಂತ್ ಗುರುತು ಸಿಗದಷ್ಟು ಇಳಿದಿದ್ದ. ಸಂಘದ ಹಬ್ಬದೂಟಕ್ಕೆ ವಡೋದರಾಕ್ಕೆ ಬಂದಾಗ ಹೋಳಿಗೆ ಬಡಿಸುತ್ತಿದ್ದವರೂ ಕೈ ನಿಲ್ಲಿಸಿ ಅವನನ್ನೇ ನೋಡಿದರು. ಚೇತನ್‌ಭಾಯಿಯ ನಂಬರು ಎಲೆಯಿಂದ ಎಲೆಗೆ ಪಲ್ಯದ ಹಾಗೆ ಹೋಯಿತು. ನಾನು ಎದ್ದು ನಿಂತು ಬೇಡ ಎಂದೆ. ಹೇಮಕ್ಕನಿಗೆ ಎಲ್ಲದರಲ್ಲೂ ಅನುಮಾನ ಎಂದು ನಕ್ಕರು.

ಆಮೇಲೆ ಒಂದು ಬೆಳಿಗ್ಗೆ ಅವನ ಮಗಳು ತನುಶ್ರೀ ಫೋನ್ ಮಾಡಿದಳು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಅಷ್ಟಕ್ಕಷ್ಟೇ. "ಅತ್ತೆ, ಪಪ್ಪಂದು ಕಣ್ಣು ಪೂರಾ ಹಳದಿ ಹೋ ಗಯಾ. ನೀನು ಬಾ ನಾ, ಜಲ್ದಿ ಬಾ." ನಾನು ಹೋಗುವಷ್ಟರಲ್ಲಿ ಅವನ ಹೆಂಡತಿ ದೀಪ್ತಿ ಆಸ್ಪತ್ರೆಗೆ ಸೇರಿಸಿದ್ದಳು. ಲಿವರ್ ಕೈಕೊಟ್ಟಿದೆ ಎಂದರು. ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಏನು ತಗೊಂಡಿದ್ದಾರೆ? ನಾವು ಹೆಸರು ಹೇಳಿದೆವು. ಹೆಸರು ಬೇಡ, ಒಳಗಿದ್ದದ್ದು ಏನು ಹೇಳಿ ಎಂದರು. ಆ ವಸ್ತುವೇ ಲಿವರನ್ನು ತಿಂದಿತೋ, ಅದರಲ್ಲಿ ಬೆರೆತ ಬೇರೇನಾದರೂ ತಿಂದಿತೋ ಗೊತ್ತಾದರೆ ಮದ್ದನ್ನಾದರೂ ಸರಿಯಾಗಿ ಆರಿಸಬಹುದು, ಎಷ್ಟು ದಿನ ಕಾಯಬಹುದೆಂದು ಅಂದಾಜಿಸಬಹುದು ಎಂದರು. ಆಸ್ಪತ್ರೆಯಲ್ಲಿ ಅಂಥ ಪರೀಕ್ಷೆ ಆಗುವುದಿಲ್ಲ. ಖಾಸಗಿ ಪ್ರಯೋಗಾಲಯದವರು ನಿಮ್ಮ ಕಚೇರಿಯ ಪತ್ರ ತನ್ನಿ ಎಂದರು. ನಿಮ್ಮ ಕಚೇರಿಯವರು ಇದು ಔಷಧವಲ್ಲ ಎಂದಿರಿ. ಔಷಧವಲ್ಲ ಎಂಬುದನ್ನೇ ಒಂದು ಪತ್ರದಲ್ಲಿ ಪ್ರಯೋಗಾಲಯಕ್ಕೆ ಬರೆದುಕೊಡಿ ಎಂದೆ. ಔಷಧವಲ್ಲದ್ದರ ಬಗ್ಗೆ ಪತ್ರ ಕೊಡುವ ಪದ್ಧತಿ ಇಲ್ಲ ಎಂದಿರಿ.

ಆಸ್ಪತ್ರೆಯಲ್ಲಿ ಸುಮಂತನಿಗೆ ಎಚ್ಚರವಿದ್ದ ದಿನವೊಂದರಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ: "ಅಕ್ಕ, ಸಿಮಿಲಾರಿಟಿ ಅಂತ ಯಾರಾದ್ರೂ ಬಂದ್ರೆ ನಾವು ಮೊದಲು ಕೇಳೋದು ಮಾಡಿದೋನು ಯಾರು, ಯಾವ ಮಾಲು ಹಾಕಿ ಮಾಡಿದಾನೆ ಅಂತ. ಒಂದು ಸ್ಕ್ರೂಗೂ ಕೇಳ್ತೀನಿ ನಾನು. ಇದಕ್ಕೆ ಕೇಳ್ಲಿಲ್ಲ ನೋಡು." ಅವನ ಬೆರಳಿನಲ್ಲಿ ಉಂಗುರ ಸಡಿಲವಾಗಿ ತಿರುಗುತ್ತಿತ್ತು, ನನಗೆ ಅಳು ತಡೆಯಲಾಗಲಿಲ್ಲ.

ಬಿಸಿಲಲ್ಲಿ ಬೆಂದು ಬಂದ ಸೀಸೆಯನ್ನು ಈಗ ಯಾರು ಪರೀಕ್ಷಿಸಿದರೂ ಅದರ ಮಾತಿಗೆ ಬೆಲೆಯಿಲ್ಲವಂತೆ. ಹೊಸದೊಂದು ಸಿಕ್ಕೀತೇ ಎಂದು ಯೋಚಿಸುತ್ತಿರುವಾಗಲೇ ಕಳೆದ ವಾರ ಮನೋಜ್ ಫೋನ್ ಮಾಡಿದ. ರೈಲ್ವೆಯವನು, ನಮ್ಮ ಸಂಘದವನು, ಯುಗಾದಿಯ ದಿನ ಸುಮಂತನ ಪಕ್ಕದ ಎಲೆಗೇ ಕೂತಿದ್ದವನು.

"ಹೇಮಕ್ಕ, ಸುಮಂತ್ ಅವ್ರು ಹೇಗಿದಾರೆ? ಪಾಪ. ಅಲ್ಲಾ, ಆ ಗೋರ್ವಾದವನ ಫೋನು ಸ್ವಿಚ್ ಆಫ್ ಬರ್ತಿದೆ. ಹೊಸ ನಂಬರ್ ಏನಾದ್ರೂ ಇದ್ಯಾ ನಿಮ್ಹತ್ರ?"

"ಇನ್ನೂ ತಗೋತಿದ್ದೀಯೇನೋ ಅದನ್ನ?"

"ನಂಗೇನೂ ಆಗಿಲ್ವಲ್ಲಕ್ಕ. ಅವರ ಲಿವರ್ ಮೊದ್ಲೇ ವೀಕ್ ಇತ್ತೇನೋ."

ನಾನು ಬೈಯಲಿಲ್ಲ, ಮಾನ್ಯರೇ. ಬೇಡಿಕೊಂಡೆ. "ಮನೋಜ, ನಿನ್ನ ಫ್ರಿಜ್ಜಲ್ಲಿರೋದನ್ನ ಕೊಡಪ್ಪ. ತಣ್ಣಗಿದೆ, ಕೆಟ್ಟಿಲ್ಲ. ಹೇಗಾದ್ರೂ ಮಾಡಿ ಪರೀಕ್ಷೆ ಮಾಡಿಸ್ತೀನಿ. ನನ್ನ ತಮ್ಮಂಗೆ ಉಪಯೋಗ ಆಗತ್ತೆ, ನಿಂಗೂ ಆಗತ್ತೆ."

ಅವನು ಬಹಳ ಸಂಕೋಚದಿಂದ ಹೇಳಿದ: "ಒಂದೇ ಉಳಿದಿರೋದಕ್ಕ. ಅದನ್ನ ಕೊಟ್ಬಿಟ್ರೆ ಕೋರ್ಸ್ ಮಧ್ಯದಲ್ಲೇ ನಿಂತ್ಹೋಗತ್ತೆ. ಮತ್ತೆ ತೂಕ ಏರ್ಬಿಡತ್ತೆ."

ಮನೋಜನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಹೆದರಿದವನೇ. ಅವನಿಗೆ ಹೇಳಬೇಕಾದವರು ನೀವು, ನೀವು ಹೇಳಿದ್ದು ಅದು ಔಷಧವಲ್ಲ ಎಂದು. ಔಷಧವಲ್ಲ ಅಂದ ಮೇಲೆ ಅಡ್ಡಪರಿಣಾಮ ಎಲ್ಲಿಂದ ಬರಬೇಕು ಎಂದು ಅವನು ನನ್ನನ್ನೇ ಕೇಳಿದ.

ಆದ್ದರಿಂದ ನನ್ನ ಒತ್ತಾಯ ಸಣ್ಣದು. ಗೋದಾಮು ಮುಚ್ಚಿಸಿ ಎಂದು ಕೇಳುವಷ್ಟು ಆಸೆ ನನಗೆ ಉಳಿದಿಲ್ಲ; ಮುಚ್ಚಿದರೆ ಪಕ್ಕದ ಗಲ್ಲಿಯಲ್ಲಿ ಇನ್ನೊಂದು ತೆರೆಯುತ್ತದೆ, ದೇವರ ಪಟ ಅದೇ ಇರುತ್ತದೆ. ನಿಮ್ಮ ಇನ್ಸ್‌ಪೆಕ್ಟರ್ ಒಬ್ಬರನ್ನು ಐಸ್ ಪೆಟ್ಟಿಗೆಯೊಂದಿಗೆ ಮನೋಜನ ಮನೆಗೆ ಕಳಿಸಿ. ವಿಳಾಸ ನಾನು ಕೊಡುತ್ತೇನೆ, ಪೆಟ್ಟಿಗೆ ಇಲ್ಲದಿದ್ದರೆ ನನ್ನ ಕಾಫಿ ಫ್ಲಾಸ್ಕನ್ನೂ ಕೊಡುತ್ತೇನೆ. ಅವನು ಚುಚ್ಚಿಕೊಂಡು ಮುಗಿಸುವ ಮುನ್ನ ಆ ಸೀಸೆಯನ್ನು ವಶಕ್ಕೆ ತೆಗೆದುಕೊಂಡು ಒಳಗೇನಿದೆ ಎಂದು ಹೇಳಿ. ಅದು ಮಾನವ ಬಳಕೆಗೆ ಅಲ್ಲ ಎಂಬುದನ್ನು ಅಷ್ಟು ಸುಲಭವಾಗಿ ನಂಬಿದ್ದೀರಿ. ಬಳಸಿದವನು ಮಾನವ ಎಂಬುದನ್ನೂ ಒಮ್ಮೆ ನಂಬಿ ನೋಡಿ.

ನೀವು ಕಳಿಸುವುದಿಲ್ಲ ಎಂದು ನನಗೆ ಗೊತ್ತು. ದಿನಾ ಬೆಳಿಗ್ಗೆ ಸುಮಂತನ ಹಾಸಿಗೆಯ ಬಳಿ ಬಂದಾಗ ಡಾಕ್ಟರು ನನ್ನತ್ತ ತಿರುಗಿ, ರಿಪೋರ್ಟ್ ಬಂತೇ ಎಂದು ಕೇಳುತ್ತಿದ್ದರು. ಈಚೆಗೆ ಅವರು ಕೇಳುವುದನ್ನು ಬಿಟ್ಟಿದ್ದಾರೆ.

ಇಂತಿ,
ನಿಮ್ಮ ವ್ಯಾಪ್ತಿಗೆ ಬಾರದ ಒಂದು ಇಲಿಯ ಅಕ್ಕ,
ಹೇಮಲತಾ
ಮಂಜಲ್‌ಪುರ, ವಡೋದರಾ