ಮೂರನೆಯ ಟಕ್

ಮಾರ್ಚ್ 3, ಸೋಮವಾರ, ಬೆಳಿಗ್ಗೆ 7
ಬಂದವನೇ ಒಂದು ಗೇರ್‌ಬಾಕ್ಸಿನ ಆಯಿಲ್ ಇಳಿಸಿದೆ. ಕೆಂಪಗಿರಬೇಕಾದದ್ದು ಕಾಫಿ ಚರಟದ ಬಣ್ಣ. ಸುಟ್ಟ ಬ್ರೆಡ್ಡಿನ ವಾಸನೆ. ಗಾಡಿಯವನು ಕೇಳುತ್ತಾನೆ, “ಇದು ಜೀವಮಾನದ ಆಯಿಲ್, ಬದಲಾಯಿಸೋದೇ ಬೇಡ ಅಂದಿದ್ರಲ್ಲ?” ಯಾರ ಜೀವಮಾನ ಅಂತ ಕೇಳಿದ್ದರೆ ಆಗುತ್ತಿತ್ತು. ಗೇರ್‌ಬಾಕ್ಸಿನದು ಮುಗಿದಿದೆ.

ಗಾಡಿ ಹಿಂದಕ್ಕೆ ಉರುಳುತ್ತಿರುವಾಗಲೇ ಮುಂದಕ್ಕೆ ಓಡುವ ಗೇರಿಗೆ ಹಾಕುತ್ತಾರೆ. ಆಮೇಲೆ ಮಿಶಿಗನ್ನಿನ ಚಳಿಯನ್ನು ಬೈಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶೆಡ್ಡಿನ ಹೊಸ ಮೆಕ್ಯಾನಿಕ್ ರೋಂಡಾ ಮತ್ತೆ ರೇಡಿಯೋ ಸಣ್ಣಗೆ ಮಾಡಿದ್ದಳು. ನಾನು ಜೋರು ಮಾಡಿದೆ.

ಮಾರ್ಚ್ 5, ಬುಧವಾರ
ಮಿಸೆಸ್ ಫಾರ್ನಮ್ ಅವರ ವ್ಯಾನು. ಎರಡನೇ ಗೇರ್ ಇಲ್ಲ. ಮುದುಕಿ ಪೆಟ್ರೋಲ್ ಬಂಕಿನಿಂದ ಎರಡು ಬಾಟಲಿ ‘ಪವಾಡದ ಔಷಧಿ’ ತಂದು ಗೇರ್‌ಬಾಕ್ಸಿಗೆ ಸುರಿದಿದ್ದಾಳೆ. ಬಾಟಲಿ ಮೇಲೆ ಸಿಂಹದ ಚಿತ್ರ ಇತ್ತಂತೆ. ಸಿಂಹ ನೋಡಿ ನಂಬಿದಳು.

ಗಂಡ ಎಮರಿಗೆ ಕಿಡ್ನಿ ಇಲ್ಲ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಅವನ ಗಾಲಿಕುರ್ಚಿ ಹಿಡಿಸುವುದು ಈ ವ್ಯಾನಿನಲ್ಲಿ ಮಾತ್ರ. ಮುಂದಿನ ಮಂಗಳವಾರಕ್ಕೆ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಅಲ್ಲಿಯವರೆಗೆ ಅಳಿಯನ ಗಾಡಿ ಕೇಳಿ, ಕುರ್ಚಿಯನ್ನು ಹೇಗೋ ಮೇಲೆ ಕಟ್ಟಿ ಒಯ್ಯುತ್ತಾರಂತೆ. ಏನೋ ಇನ್ನೂ ಹೇಳಿದಳು, ಗೊಣಗಿದ ಹಾಗೆ. ಈಗಿನ ಕಾಲದಲ್ಲಿ ಬಾಯಿಬಿಟ್ಟು ಮಾತಾಡುವವರೇ ಇಲ್ಲ. ‘ಇನ್ನೊಮ್ಮೆ ಹೇಳಿ’ ಎಂದು ಜನರ ಬಾಯಿ ನೋಡುತ್ತಾ ನಿಲ್ಲುವವನು ನಾನಲ್ಲ. ತಲೆಯಾಡಿಸಿದೆ.

ಮಾರ್ಚ್ 7, ಶುಕ್ರವಾರ
ಗೇರ್‌ಬಾಕ್ಸ್ ಬಿಚ್ಚಿ, ತೊಳೆದು, ಹೊಸ ಪ್ಲೇಟು, ಹೊಸ ಆಯಿಲ್ ಪಂಪು. ರೋಂಡಾ ಪ್ರತಿಯೊಂದನ್ನೂ ಅಳೆಯುತ್ತಾಳೆ. ಹದಿನಾಲ್ಕು ವರ್ಷ ನಗರಸಭೆಯ ಬಸ್ ಗ್ಯಾರೇಜಿನಲ್ಲಿದ್ದವಳು, ಜನವರಿಯಲ್ಲಿ ಇಲ್ಲಿಗೆ ಸೇರಿದಳು. ಅಳೆಯುವುದು, ಬರೆಯುವುದು, ಮತ್ತೆ ಅಳೆಯುವುದು. ದರ್ಜಿ ಆಗಬೇಕಿತ್ತು.

ಗೋಡೆಯ ಹಲಗೆ ತೋರಿಸಿದೆ. ಇಪ್ಪತ್ತೇಳು ವರ್ಷದ ಹಲಗೆ. ಈ ಶೆಡ್ಡಿನಲ್ಲಿ ಯಾರೇ ಭಾಗ ಮುರಿದರೂ ಅದನ್ನು ಮೊಳೆ ಹೊಡೆದು ತೂಗುಹಾಕಿ, ಕೆಳಗೆ ಮುರಿದವನ ಹೆಸರು. ಹನ್ನೊಂದು ಹೆಸರಿವೆ. ಕೊನೆಯದು ಕರ್ಬಿ. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರನ್ನು ಪೂರ್ತಿ ಒಳಗೆ ಕೂರಿಸದೆ, ಉಳಿದ ಸಂದನ್ನು ಬೋಲ್ಟಿನಿಂದ ಎಳೆದು ಮುಚ್ಚಿದ. ಪಂಪು ಚೂರಾಯಿತು. ಅವತ್ತೇ ಅವನನ್ನು ಕೆಲಸದಿಂದ ಕಳಿಸಿದೆ. ಹೆಸರನ್ನು ನಾನೇ ಬರೆದೆ, ಉಳಿದವರಿಗಿಂತ ದೊಡ್ಡದಾಗಿ.

“ನಿಮ್ಮ ಹೆಸರಿಲ್ವಲ್ಲ,” ಅಂದಳು ರೋಂಡಾ.
“ಇರಲ್ಲ.”

ಮಾರ್ಚ್ 10, ಸೋಮವಾರ
ಜೋಡಣೆ. ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಬೇಕು. ಮೂರು ಸಲ ಇಳಿಯುತ್ತದೆ. ಟಕ್, ಟಕ್, ಟಕ್. ಮೂರನೆಯದು ಪಂಪಿನದು. ಅದು ಆಗದೆ ಮುಚ್ಚಬಾರದು. ಮೂವತ್ತೆಂಟು ವರ್ಷದಿಂದ ಕಿವಿಯಲ್ಲೇ ಕೇಳಿ ಮುಚ್ಚಿದ್ದೇನೆ.

“ವೆಂಡೆಲ್, ಒಂದ್ಸಲ ಸ್ಕೇಲ್ ಇಟ್ಟು ನೋಡ್ಲಾ? ಎಷ್ಟು ಒಳಗೆ ಹೋಗಿದೆ ಅಂತ.”
“ಸ್ಕೇಲು ಇಸ್ಕೂಲ್ ಬ್ಯಾಗಲ್ಲಿ ಇಟ್ಕೋ.”
“ಅರ್ಧ ನಿಮಿಷದ ಕೆಲ್ಸ.”
“ಕಿವಿ ಇದೆ ನಂಗೆ.”

ಎರಡು ಕೇಳಿಸಿತು. ಅಷ್ಟರಲ್ಲಿ ಕಂಪ್ರೆಸರ್ ಶುರುವಾಯಿತು. ಮೂರನೆಯದು ಆಗಿರಲೇಬೇಕು, ಇಷ್ಟು ವರ್ಷ ಆಗಿದ್ದು ಇವತ್ತೇಕೆ ಆಗಬಾರದು... ಎಂಜಿನ್ನಿಗೆ ಸೇರಿಸುವಾಗ ಬೆರಳಗಲ ಸಂದು ಉಳಿಯಿತು. ತುಕ್ಕು. ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿಯುವ ಊರು ಇದು. ಬೋಲ್ಟು ಬಿಗಿ ಮಾಡಿದೆ, ಬಂತು.

ಮಾರ್ಚ್ 11, ಮಂಗಳವಾರ
ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ರೋಂಡಾ ಎರಡೂ ಕಿವಿ ಮುಚ್ಚಿಕೊಂಡಳು. ನನಗೆ ಅಂಥ ಸದ್ದೇನೂ ಕೇಳಿಸಲಿಲ್ಲ. ಒಂದು ಗೇರೂ ಹಿಡಿಯಲಿಲ್ಲ. ನೆಲದ ಮೇಲೆ ಕೆಂಪು ಆಯಿಲ್.

ಮಿಸೆಸ್ ಫಾರ್ನಮ್ ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಗಂಡನ ಕಂಬಳಿ.
“ಹೊಸ ಪಂಪೇ ಸರಿ ಇಲ್ಲ. ಕಂಪನಿ ಮಾಲು, ನಾವೇನ್ ಮಾಡೋಣ,” ಅಂದೆ.
“ಹಂಗಾದ್ರೆ ಎಮರಿ?”

ರೋಂಡಾ ನನ್ನ ಮುಖ ನೋಡಿದಳು. ತನ್ನ ಟ್ರಕ್ಕಿನ ಕೀಲಿ ತೆಗೆದುಕೊಂಡಳು. “ಬನ್ನಿ ಅಮ್ಮಾ, ಕುರ್ಚಿ ಹಿಂದೆ ಕಟ್ಕೊಂಡ್ ಹೋಗೋಣ.”

ಮಾರ್ಚ್ 17, ಸೋಮವಾರ
ಐದು ದಿನ ಬರೆದಿಲ್ಲ.

ಬುಧವಾರ ಬಿಚ್ಚಿದೆ. ಪಂಪಿನ ಒಳಗಿನ ಎರಡು ಹಲ್ಲು ಮುರಿದಿವೆ, ಕನ್ವರ್ಟರಿನ ಮೂತಿ ಜಜ್ಜಿಹೋಗಿದೆ. ಹಲಗೆಯ ಮೇಲಿನ ಕರ್ಬಿಯ ಪಂಪಿನ ಪಕ್ಕ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊಳೆ ಹೊಡೆದು ತೂಗುಹಾಕಿದೆ. ಹೆಸರು ಬರೆಯಲಿಲ್ಲ.

ಶುಕ್ರವಾರ ಚರ್ಚಿನಲ್ಲಿ ಲೆಂಟ್ ವ್ರತದ ಮೀನೂಟ. ಸಭಾಂಗಣದ ತುಂಬ ಜನ, ಕಿವಿಯಲ್ಲಿ ಹತ್ತಿ ತುರುಕಿದ ಹಾಗೆ. ಹಳೇ ಗೆಳೆಯ ಸ್ಟಾಶ್ ಏನೋ ಹೇಳಿದ. ತಮಾಷೆ ಎಂದುಕೊಂಡು ನಕ್ಕೆ. ತನ್ನ ತಂಗಿಗೆ ಕ್ಯಾನ್ಸರ್ ಎಂದಿದ್ದನಂತೆ. ತಟ್ಟೆ ಅಲ್ಲೇ ಬಿಟ್ಟು ಬಂದೆ.

ಇವತ್ತು ಇನ್ನೊಂದು ಪಂಪು, ಇನ್ನೊಂದು ಕನ್ವರ್ಟರ್. ತಿರುಗಿಸಿ ತಳ್ಳಿದೆ. ಒಂದು. ಎರಡು. ನಿಂತೆ.
“ರೋಂಡಾ, ಮೂರನೇದು ಆಯ್ತಾ?”
ಅವಳು ಹತ್ತಿರ ಬಂದು ನನ್ನ ಮುಖದೆದುರು ನಿಂತಳು. “ಆಯ್ತು. ಆಗ್ಲೇ ಎರಡ್ ಸಲ ಹೇಳ್ದೆ.”
“ಸ್ಕೇಲ್ ಇಡು.”

ಇಟ್ಟಳು. ಸರಿಯಿತ್ತು. ಅವಳು ಹಂಗಿಸಿದ್ದರೆ ಸುಲಭವಾಗುತ್ತಿತ್ತು. ಹಂಗಿಸಲಿಲ್ಲ. ನನಗೆ ನಾಚಿಕೆಯಾಯಿತು.

ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 8.40
ವ್ಯಾನು ಓಡುತ್ತಿದೆ. ಸೇತುವೆಯವರೆಗೆ ಹೋಗಿ ಬಂದೆ. ಎಲ್ಲ ಗೇರೂ ಬೆಣ್ಣೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಮಾರ್ಕರ್ ತೆಗೆದುಕೊಂಡು ಹಲಗೆಯ ಮೇಲೆ ಬರೆದೆ: ವೆಂಡೆಲ್ ಪ್ರೂಸಾಕ್. ಹನ್ನೆರಡನೆಯದು. ಕರ್ಬಿಯದಷ್ಟೇ ದೊಡ್ಡದು, ಅಳೆದು ಬರೆದೆ. ರೋಂಡಾಳ ಸ್ಕೇಲಿನಲ್ಲಿ.

ಮಿಸೆಸ್ ಫಾರ್ನಮ್ ಬಂದಿದ್ದಾರೆ. ಆಫೀಸಿನ ಗಾಜಿನಾಚೆ, ಶೆಡ್ಡಿನಲ್ಲಿ ನಿಂತು ಹಲಗೆ ಓದುತ್ತಿದ್ದಾರೆ, ಹೆಸರಿಗೊಂದರಂತೆ ಬೆರಳಿಟ್ಟು. ಕರ್ಬಿ. ಆಮೇಲೆ ನನ್ನದು. ಬೆರಳು ಅಲ್ಲೇ ನಿಂತಿತು. ಈಗ ಈ ಕಡೆ ತಿರುಗಿ ನನ್ನನ್ನು ಏನೋ ಕೇಳುತ್ತಿದ್ದಾರೆ. ತುಟಿ ಮಾತ್ರ ಆಡುತ್ತಿದೆ. ಎದ್ದು ಹೋಗಬೇಕು. ಹತ್ತಿರ ನಿಂತು, ಕೇಳಿಸಲಿಲ್ಲ ಅಮ್ಮಾ, ಇನ್ನೊಮ್ಮೆ ಹೇಳಿ ಎಂದು—