ಹಾಜರಿ ಪುಸ್ತಕದ ಹೆಬ್ಬೆಟ್ಟು

ಹುಣಸೂರು, 12-2-98, ಗುರುವಾರ
ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುತ್ತಾರೆಂದು ಬೆಳಿಗ್ಗೆಯೇ ಫೋನು. ಅಲಗಿಗೆ ಕೈ ತಾಗದಂತೆ ಹಾಕುವ ಕಬ್ಬಿಣದ ಗಾರ್ಡ್ ಮೂಲೆಯಲ್ಲಿ ಬಿದ್ದಿತ್ತು, ಅದನ್ನು ಒರೆಸಿ ಗರಗಸದ ಮಿಷನ್ನಿಗೆ ಸಿಕ್ಕಿಸಿದರು. ಸಾಹೇಬರು ಬಂದರು, ಎಳನೀರು ಕುಡಿದರು, ರುಜು ಹಾಕಿದರು, ಹೋದರು. ಗೇಟು ಹಾಕುವಷ್ಟರಲ್ಲಿ ಗಾರ್ಡ್ ಮತ್ತೆ ಮೂಲೆಗೆ. ಅದಿದ್ದರೆ ದಪ್ಪ ದಿಮ್ಮಿ ಹೋಗುವುದಿಲ್ಲ, ಕೆಲಸ ಸಾಗುವುದಿಲ್ಲ ಎನ್ನುತ್ತಾರೆ ಮಿಲ್ಲಿನ ಯಜಮಾನರು. ಹನ್ನೊಂದು ವರ್ಷದಿಂದ ಈ ಸಾ ಮಿಲ್ಲಿನ ಕ್ಲರ್ಕು ನಾನು. ಈ ನಾಟಕಕ್ಕೆ ಈಗ ನಗುವೂ ಬರುವುದಿಲ್ಲ.

20-2-98, ಶುಕ್ರವಾರ
ಕುಳ್ಳಮ್ಮನ ಎಡಗೈ ಹೆಬ್ಬೆರಳು ಹೋಯಿತು.
ಮಧ್ಯಾಹ್ನ ಮೂರೂವರೆ. ಕೊಯ್ದ ಹಲಗೆಯನ್ನು ಆಚೆ ಕಡೆಯಿಂದ ಎಳೆದುಕೊಳ್ಳುವುದು ಅವಳ ಕೆಲಸ. ಹಲಗೆ ಅದುರಿತು, ಕೈ ಜಾರಿತು. ಕಿರುಚಲೂ ಇಲ್ಲ. ಮರದ ಹೊಟ್ಟಿನ ಮೇಲೆ ಕೂತು, ಕೈಗೆ ಸೆರಗು ಸುತ್ತಿಕೊಂಡು, ಮಿಷನ್ ನಿಲ್ಲಿಸಿ ಎಂದಳು, ಅಷ್ಟೇ. ಆಟೋದಲ್ಲಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ.

9-3-98, ಸೋಮವಾರ
ಕುಳ್ಳಮ್ಮನ ಜಾಗಕ್ಕೆ ಬೇರೆಯವಳು ಬಂದಳು. ಗಾರ್ಡ್ ಇನ್ನೂ ಮೂಲೆಯಲ್ಲೇ. ಹೇಳಿದೆ. ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಶಾಂತಲಾ ಅಂದರು ಯಜಮಾನರು. ನೋಡಿಕೊಂಡೆ.

17-7-98, ಶುಕ್ರವಾರ
ಮೈಸೂರಿನ ಲೇಬರ್ ಆಫೀಸಿನಿಂದ ನೋಟೀಸು. ಕುಳ್ಳಮ್ಮ ಪರಿಹಾರಕ್ಕೆ ಅರ್ಜಿ ಹಾಕಿದ್ದಾಳೆ. ವಕೀಲ ಉಮಾಶಂಕರ ಬರೆದುಕೊಟ್ಟದ್ದು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಕೇಳಿದೆ. ತಪ್ಪು ಯಾರದೆಂದು ಈ ಕಾನೂನು ಹುಡುಕುತ್ತಾ ಕೂರುವುದಿಲ್ಲವಂತೆ. ಅಲ್ಲಿ ಕೆಲಸಕ್ಕಿದ್ದಳು, ಕೆಲಸ ಮಾಡುವಾಗ ಪೆಟ್ಟಾಯಿತು ಎಂದು ತೋರಿಸಿದರೆ ಸಾಕಂತೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಂತೆ. ಮತ್ತೆ ಯಾಕೆ ಯಾರೂ ಹೋಗುವುದಿಲ್ಲ ಎಂದೆ. ಯಾರೂ ಅವರಿಗೆ ಹೇಳುವುದಿಲ್ಲವಲ್ಲ ಎಂದರು.
ನಾನೂ ಹೇಳಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯೋಣವೆಂದರೆ... ಆಫೀಸಿನ ಗೋಡೆಗೆ ಅಂಟಿಸಿದ್ದ ಕಾನೂನಿನ ಹಾಳೆಯ ಮೇಲೆ ಕ್ಯಾಲೆಂಡರ್ ನೇತು ಹಾಕಿದವಳು ನಾನೇ.
ಯಜಮಾನರು ಉತ್ತರ ಬರೆಸಿದ್ದಾರೆ. ಹಾಜರಿ ಪುಸ್ತಕದಲ್ಲಿರುವ ಕುಳ್ಳಮ್ಮ ಬೇರೆಯಂತೆ, ಬಿಟ್ಟು ಹೋದಳಂತೆ. ಈಕೆ ಸೌದೆ ಆಯಲು ಒಳಗೆ ನುಗ್ಗಿದವಳಂತೆ. ಅದಕ್ಕೆ ಸಾಕ್ಷಿ — ನಾನು.

8-9-98, ಮಂಗಳವಾರ
ಉಮಾಶಂಕರ ಹೊಸ ಅರ್ಜಿ ಕೊಟ್ಟಿದ್ದಾರೆ. ರೇಷನ್ ಕಾರ್ಡಿನ ಹಳೆಯ ಕಾಗದದಲ್ಲಿ ಕುಳ್ಳಮ್ಮನ ಹೆಬ್ಬೆಟ್ಟು ಸಿಕ್ಕಿದೆ, ಬೆರಳು ಇದ್ದ ಕಾಲದ್ದು. ಅದನ್ನೂ ನಮ್ಮ ಹಾಜರಿ ಪುಸ್ತಕದ್ದನ್ನೂ ತಜ್ಞರಿಂದ ತಾಳೆ ನೋಡಿಸಿ ಅಂತ. ಕೇಸು ಗೆದ್ದಂತೆಯೇ ಎಂದು ಅವರಿಗೆ ಖುಷಿ.
ಪುಸ್ತಕದಲ್ಲಿರುವುದು ಅವಳ ಹೆಬ್ಬೆಟ್ಟಲ್ಲ. ನನ್ನದು.
ವಾರದ ಹಾಜರಿಗೆ ಶನಿವಾರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಐದೂಕಾಲಿನ ಹನಗೋಡು ಬಸ್ಸಿಗೆ ಓಡುವವರನ್ನು ಸಾಲಿನಲ್ಲಿ ನಿಲ್ಲಿಸಲು ಮನಸ್ಸಾಗುತ್ತಿರಲಿಲ್ಲ. ಅವರು ಹೋದ ಮೇಲೆ ನಾನೇ ಒತ್ತುತ್ತಿದ್ದೆ. ಕುಳ್ಳಮ್ಮ, ಸಾಕಮ್ಮ, ಸುಂದ್ರಮ್ಮ — ಮೂವರಿಗೂ ಒಂದೇ ಬೆರಳು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ದಡ್ಡಿ.
ತಾಳೆಯಾಗದಿದ್ದರೆ ಯಜಮಾನರ ಸುಳ್ಳೇ ಗೆಲ್ಲುತ್ತದೆ. ನಾನು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಸುಳ್ಳು ದಾಖಲೆ ಎಂದು ಪೊಲೀಸರೂ ಬರಬಹುದು. ನಮ್ಮ ಮನೆಯವರ ಸೈಕಲ್ ಶಾಪು ಮುಚ್ಚಿ ವರ್ಷವಾಯಿತು. ಮನೆ ನಡೆಯುತ್ತಿರುವುದು ನನ್ನ ಸಂಬಳದಲ್ಲಿ.

13-9-98, ಭಾನುವಾರ
ತಡೆಯಲಾಗಲಿಲ್ಲ. ಹನಗೋಡಿಗೆ ಹೋದೆ. ಕುಳ್ಳಮ್ಮ ಜಗುಲಿಯಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ದಾರದ ಒಂದು ತುದಿ ಹಲ್ಲಿನಲ್ಲಿ. ಎಲ್ಲ ಹೇಳಿದೆ. ದಾರ ಬಿಟ್ಟು ಹೇಳಿದಳು:
"ನಂಗೊತ್ತಿತ್ತು ಬುಡ್ರವ್ವ. ಬಸ್ಸು ತಪ್ಪೋಯ್ತದೆ, ನೀವೇ ಒತ್ಕಳಿ ಅಂತ ನಾವೇ ಅಲ್ವಾ ಅಂತಿದ್ದುದ್ದು."
ವಕೀಲರಿಗೆ ಯಾಕೆ ಹೇಳಲಿಲ್ಲ ಎಂದೆ.
"ಹೇಳುದ್ರೆ ನಿಮ್ ಕೆಲ್ಸ ಹೋಯ್ತದಲ್ಲ. ನಂದಂತೂ ಬೆಳ್ಳು ಹೋಯ್ತು. ನಿಮ್ದಾದ್ರೂ ಉಳೀಲಿ ಅಂತ ಸುಮ್ಕಿದ್ದೆ."
ಅವಳ ಮುಂದೆಯೇ ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ. ಬರುವಾಗ ಎರಡು ಕಟ್ಟು ಸೊಪ್ಪು ಚೀಲಕ್ಕೆ ಹಾಕಿದಳು.

13-10-98, ಮಂಗಳವಾರ. ಮೈಸೂರು, 11.40
ಲೇಬರ್ ಆಫೀಸಿನ ವರಾಂಡ. ಇನ್ನೂ ಕರೆದಿಲ್ಲ.
ಬೆಳಿಗ್ಗೆ ಮನೆಯವರಿಗೆ ಎಲ್ಲ ಹೇಳಿದೆ. ಮಳೆ ಬರಬಹುದು, ಛತ್ರಿ ತೊಗೊ ಎಂದರು. ಐದು ವಾರದ ನಂತರ ಮೊದಲ ಸಲ ಉಸಿರು ನೆಟ್ಟಗೆ ಬಂತು.
ಯಜಮಾನರು ಪಕ್ಕದಲ್ಲೇ ಇದ್ದಾರೆ. ಕಾಫಿ ತರಿಸಿಕೊಟ್ಟರು. ಹೇಳಿಕೊಟ್ಟಷ್ಟು ಹೇಳಿದರೆ ಸಾಕು, ಹೆದರಬೇಡಿ ಎಂದರು. ಹೆದರಿಕೆ ಇದೆ. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ಹೆದರಿಕೆ. ಆದರೂ ನನ್ನ ಬೆರಳಿಗೆ ಮಸಿ ಹಚ್ಚಿ ತಾಳೆ ನೋಡಿ ಎಂದು ಕೇಳುತ್ತೇನೆ. ತೀರ್ಮಾನ ಮಾಡಿಯಾಗಿದೆ.
ಎದುರಿನ ಬೆಂಚಿನಲ್ಲಿ ಕುಳ್ಳಮ್ಮ. ನಾನು ಏನು ಮಾಡಲಿದ್ದೇನೆಂದು ಅವಳಿಗೆ ಹೇಗೆ ತಿಳಿಯಿತೋ. ಹತ್ತು ನಿಮಿಷದಿಂದ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಾಳೆ. ಅವಳ ಕಡೆ ನೋಡಬಾರದು.
ನನ್ನ ಹೆಸರು ಕೂಗಿದರು. ಕುಳ್ಳಮ್ಮ ಎದ್ದು ಇತ್ತಲೇ ಬರುತ್ತಿದ್ದಾಳೆ. ಬೇಡ ಕುಳ್ಳಮ್ಮ, ಈಗ ನನ್ನನ್ನು ತಡೆಯಬೇಡ. ಹೊರಟೆ.