ಬಷೀರಾಳ ಅಣಬೆ

ಟೇಕಲ್, ೧೮ ನವೆಂಬರ್ ೧೯೮೬, ಮಂಗಳವಾರ

ಇವತ್ತು ಕೊನೆಗೂ ಬಷೀರಾಳ ಮನೆಗೆ ಹೋಗಿ ನಿಜ ಹೇಳಿ ಬಂದೆ. ಮನಸ್ಸು ಹಗುರಾಗಲಿಲ್ಲ.

ಹುಲ್ಲಿನ ಚೀಲಗಳಲ್ಲಿ ಅಣಬೆ ಬೆಳೆಯುವುದನ್ನು ಇಲಾಖೆಯ ತರಬೇತಿಯಲ್ಲಿ ಅವಳಿಗೆ ಕಲಿಸಿದವನು ನಾನು. ಚಳಿಗೆ ಕಿಟಕಿ ಮುಚ್ಚಿ, ದಿನಕ್ಕೆ ಮೂರು ಸಲ ಅಣಬೆಯ ಮೇಲೇ ನೀರು ಚಿಮುಕಿಸು ಎಂದವನೂ ನಾನೇ. ಹದಿನೈದು ದಿನದಲ್ಲಿ ಅಷ್ಟೂ ಅಣಬೆಗೆ ಕಂದು ಕಲೆ ಬಿದ್ದು, ಲೋಳೆಯಾಗಿ ನಾರಿತು. ಬೆಂಗಳೂರಿನ ಪ್ರಯೋಗಾಲಯಕ್ಕೆ ನಾನು ಕಳಿಸಿದ್ದ ಮಾದರಿಯ ಬಗ್ಗೆ ಕಾಗದ ಬಂತು. ಇದು ಬ್ಯಾಕ್ಟೀರಿಯಾ ರೋಗ, ಗಾಳಿಯಾಡದೆ ಅಣಬೆಯ ಮೇಲೆ ನೀರು ನಿಂತದ್ದರಿಂದ ಹಬ್ಬಿದೆ ಎಂದಿತ್ತು.

ಅಷ್ಟರಲ್ಲಿ ಅವಳ ಅತ್ತೆ ಅಸ್ಗರಿ ಸೊಸೆಯನ್ನೇ ದೂರಿದ್ದರು. ಹೋದ ವರ್ಷ ಬಷೀರಾಳ ಮಗು ಹುಟ್ಟಿದ ದಿನವೇ ತೀರಿಕೊಂಡಿತ್ತು. "ಅವ್ಳು ಮುಟ್ಟಿದ್ದು ಉಳಿಯಲ್ಲ ಸಾರ್" ಎಂದು ನನ್ನೆದುರೇ ಹೇಳಿದ್ದರು. ಬಷೀರಾ ನೆರೆಮನೆಯ ಕೂಸುಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು.

ಇವತ್ತು ಇಬ್ಬರನ್ನೂ ಕೂರಿಸಿ ಹೇಳಿದೆ: "ತಪ್ಪು ನಂದು ಕಣಮ್ಮ. ನಾನು ಹೇಳ್ಕೊಟ್ಟಂಗೇ ಬಷೀರಾ ಮಾಡಿದ್ದು. ನೀರು ಜಾಸ್ತಿಯಾಗಿ ಬಂದಿರೋ ರೋಗ ಇದು."

ಅಸ್ಗರಿ ಸೊಸೆಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬಷೀರಾ ಅಳಲಿಲ್ಲ.

"ನಿಮ್ಗೆ ಯಾವತ್ತು ಗೊತ್ತಾಯ್ತು ಸಾರ್?" ಎಂದಳು.

"ಕಾಗದ ಬಂದು ಒಂಬತ್ತು ದಿನ ಆಯ್ತು."

ಹೆದರಿ ಸುಮ್ಮನಿದ್ದೆ ಎಂದು ನಾನೇ ಹೇಳಬೇಕಿತ್ತು, ಹೇಳದೆ ಎದ್ದು ಬಂದೆ. ಆ ಒಂಬತ್ತು ದಿನ ಅವಳು ಆ ಮನೆಯಲ್ಲಿ ಏನೇನು ಕೇಳಿಸಿಕೊಂಡಳೋ. ಮುಂದೆ ಬರೆಯಲು ಆಗುತ್ತಿಲ್ಲ.